ಅಮ್ಮ ಎಲ್ಲಿದಾರೆ ಈಗ?

ಮದುವೆಯ ಊಟದ ಪಂಕ್ತಿಯಲ್ಲೋ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೋ ಇಬ್ಬರು ನೆಂಟರು ಎದುರಾದರೆ ಎರಡನೆಯ ಮಾತಿಗೇ ಬರುವ ಪ್ರಶ್ನೆ: “ಅಮ್ಮ ಎಲ್ಲಿದಾರೆ ಈಗ?” ಅಮ್ಮ ಮಗನ ಮನೆಯಲ್ಲಿದ್ದರೆ ಉತ್ತರ ಸಲೀಸು. ವೃದ್ಧಾಶ್ರಮದಲ್ಲಿದ್ದರೆ ಹೇಳುವವರ ದನಿ ತಗ್ಗುತ್ತದೆ. “ಇಲ್ಲೇ, ಶಿವಮೊಗ್ಗದ ಹತ್ರ...” ಎಂದು ಊರಿನ ಹೆಸರಿಗೇ ಮಾತು ನಿಲ್ಲುತ್ತದೆ. ಅಮ್ಮ ಇರುವ ಜಾಗದ ಹೆಸರು ಬಾಯಿಗೆ ಬರುವುದೇ ಇಲ್ಲ.

ಹಿರಿಯರಿಗಾಗಿ ವಸತಿ ಕಟ್ಟುವವರು ಹೆಸರಿಡಲು ಕೂತಾಗ ಮೊದಲು ನೆನೆಯಬೇಕಾದದ್ದು ಈ ಅರ್ಧಕ್ಕೆ ನಿಂತ ವಾಕ್ಯವನ್ನು. ಬೋರ್ಡಿನ ಮೇಲೆ, ರಸೀದಿ ಪುಸ್ತಕದ ಮೇಲೆ ಹೆಸರು ಹೇಗೆ ಕಾಣುತ್ತದೆ ಎಂಬುದು ಆಮೇಲಿನ ಮಾತು. ಮಗಳೊಬ್ಬಳು ದನಿ ತಗ್ಗಿಸದೆ ಆ ವಾಕ್ಯವನ್ನು ಮುಗಿಸಬಲ್ಲಳೇ? ಅಲ್ಲಿರುವ ಅಜ್ಜ ಆಟೋದವನಿಗೆ ತನ್ನ ಮನೆಯ ಹೆಸರನ್ನು ಎಲ್ಲರೂ ಹೇಳುವ ಹಾಗೆ ಹೇಳಬಲ್ಲನೇ? ಹೆಸರು ಗೆದ್ದಿದೆಯೋ ಇಲ್ಲವೋ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಈ ಪರೀಕ್ಷೆಗೆ ಸುಲಭದ ದಾರಿಯೊಂದಿದೆ. ನಮ್ಮಲ್ಲಿ ಹೆಸರು ಒಂಟಿಯಾಗಿ ಬದುಕುವುದು ಬೋರ್ಡಿನ ಮೇಲೆ ಮಾತ್ರ. ಬಾಯಲ್ಲಿ ಅದು ಯಾವಾಗಲೂ ವಿಭಕ್ತಿಯನ್ನು ಹೊತ್ತೇ ಬರುತ್ತದೆ: ಅಲ್ಲಿಗೆ, ಅಲ್ಲಿಂದ, ಅಲ್ಲಿ. ಹಾಗಾಗಿ ಪಟ್ಟಿಯಲ್ಲಿರುವ ಪ್ರತಿ ಹೆಸರನ್ನೂ ನಾಲ್ಕು ವಾಕ್ಯಗಳಲ್ಲಿ ಇಟ್ಟು ಜೋರಾಗಿ ಓದಬೇಕು. “ಅಮ್ಮ —ಯಲ್ಲಿ ಇದಾರೆ.” “ಭಾನುವಾರ —ಗೆ ಹೋಗಿ ಬರೋಣ.” “—ಯಿಂದ ಫೋನ್ ಬಂದಿತ್ತು.” ನಾಲ್ಕನೆಯದು ಕಟುವಾದದ್ದು, ಆದರೆ ಬಿಡುವಂತಿಲ್ಲ: “ಅಪ್ಪನ್ನ —ಗೆ ಹಾಕಿದಾರಂತೆ.” ಊರವರು ಆಡುವ ಮಾತು ಅದು. ‘ಆಶ್ರಮ’ ಎಂಬ ಪದಕ್ಕೆ ‘ಹಾಕು’ ಎಂಬ ಕ್ರಿಯಾಪದ ಅಂಟಿಕೊಂಡುಬಿಟ್ಟಿದೆ. ಹಾಸ್ಟೆಲಿಗೆ ಹಾಕುವಂತೆ, ಜೈಲಿಗೆ ಹಾಕುವಂತೆ. ಕೆಲವು ಹೆಸರುಗಳಿಗೆ ಆ ಕ್ರಿಯಾಪದ ಒಗ್ಗುವುದೇ ಇಲ್ಲ. ‘ಹೊಳೆಮನೆಗೆ ಹಾಕಿದರು’ ಎಂದು ಯಾರ ನಾಲಿಗೆಯೂ ಸಲೀಸಾಗಿ ಹೊರಳುವುದಿಲ್ಲ. ‘ಹೊಳೆಮನೆಗೆ ಹೋದರು’ ಎಂದೇ ಬರುತ್ತದೆ. ಅಂಥ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು.

ಇನ್ನು ಬಿಡಬೇಕಾದ ಹೆಸರುಗಳು. ಇವುಗಳ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಇಡುವ ಹೆಸರುಗಳೇ ಹೆಚ್ಚು ಎಡವುತ್ತವೆ.

ಮೊದಲನೆಯದು ಸಾವಿನ ನೆರಳಿರುವ ಪದಗಳು. ‘ಶಾಂತಿಧಾಮ’ ನಿಘಂಟಿನಲ್ಲಿ ಚಂದದ ಪದ. ಆದರೆ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ದಿನವೂ ‘ಚಿರಶಾಂತಿ’ ಓದುವ ಎಂಬತ್ತರ ಕಣ್ಣಿಗೆ ಅದು ಬೇರೆಯೇ ಆಗಿ ಕಾಣುತ್ತದೆ. ಎಷ್ಟೋ ಊರುಗಳಲ್ಲಿ ಸ್ಮಶಾನಕ್ಕೆ ಮುಕ್ತಿಧಾಮ, ಶಾಂತಿಧಾಮ ಎಂದೇ ಹೆಸರು. ವೈಕುಂಠ, ಕೈಲಾಸಗಳೂ ಹಾಗೆಯೇ: ತಿಥಿಯ ಕರೆಯೋಲೆಯಲ್ಲಿ ‘ವೈಕುಂಠ ಸಮಾರಾಧನೆ’, ‘ಕೈಲಾಸ ಸಮಾರಾಧನೆ’ ಎಂದು ಅಚ್ಚಾಗುವ ಪದಗಳನ್ನು ಬದುಕಿರುವವರ ಬಾಗಿಲಿಗೆ ಬರೆಯಬಾರದು. ‘ಸಂಗಮ’ವನ್ನೂ ತೂಗಿ ನೋಡಬೇಕು. ತುಂಗೆ ಭದ್ರೆಯರು ಕೂಡುವ ಕೂಡಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ, ಕೂಡುವುದು ಎಂಬ ಅರ್ಥ ಹಿತವಾಗಿದೆ. ಆದರೆ ಸಂಗಮಗಳಲ್ಲಿ ಅಸ್ಥಿ ಬಿಡುವ ವಾಡಿಕೆ ಹಿರಿಯರಿಗೆ ಚೆನ್ನಾಗಿ ಗೊತ್ತು. ‘ಕೂಡಲಿ’ ಎಂದೇ ಇಟ್ಟರೆ ಕೊರಿಯರ್‌ನವರು ಆ ಊರಿಗೆ ಹೋಗಿ ವಾಪಸಾಗುವ ತೊಡಕು ಬೇರೆ.

ಇಳಿಸಂಜೆ, ಮುಸ್ಸಂಜೆ, ಸಂಧ್ಯಾ, ಅಸ್ತಾಚಲ ಇವೂ ಅದೇ ಸಾಲಿನವು. ಕವಿತೆಯಲ್ಲಿ ಸಂಜೆ ಸುಂದರ. ಆದರೆ ಬೆಳಗ್ಗೆ ಎದ್ದು ಹಲ್ಲುಜ್ಜಿ ಕಾಫಿಗೆ ಕಾಯುವವರಿಗೆ ‘ನಿಮ್ಮದು ಮುಗಿಯುವ ಹೊತ್ತು’ ಎಂದು ದಿನವೂ ನೆನಪಿಸುವ ಅಗತ್ಯವಿಲ್ಲ. ‘ವಾನಪ್ರಸ್ಥ’ ಎಂದರೆ ಮನೆ ಬಿಟ್ಟು ಕಾಡಿಗೆ ಹೊರಡುವುದು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮನೆ ಬಿಡಲು ಬಯಸಿ ಬಂದವರಲ್ಲ. ‘ಶ್ರವಣಕುಮಾರ’ನ ಹೆಸರು ಸೇವಾಭಾವದಿಂದ ಬರುತ್ತದೆ, ಸರಿ. ಕಥೆಯನ್ನು ಕೊನೆಯವರೆಗೆ ನೆನಪಿಸಿಕೊಳ್ಳಿ: ಬಾಣ ತಗುಲಿ ಮಗ ಸಾಯುತ್ತಾನೆ, ಆ ದುಃಖದಲ್ಲಿ ಕುರುಡು ತಂದೆ ತಾಯಿಯೂ ಪ್ರಾಣ ಬಿಡುತ್ತಾರೆ. ಅಜ್ಜಿಯರಿಗೆ ಈ ಕಥೆ ಪೂರ್ತಿ ಗೊತ್ತು.

ಎರಡನೆಯದು ಸರ್ಕಾರಿ ಯೋಜನೆಗಳು ಬಳಸಿ ಸವೆಸಿದ ಪದಗಳು. ಹೊರಗಿನವರಿಗೆ ಇದು ಹೊಳೆಯುವುದಿಲ್ಲ, ಊರಿನವರಿಗೆ ಮಾತ್ರ ಗೊತ್ತು. ‘ನೆಮ್ಮದಿ’ ಎಂಬುದಕ್ಕಿಂತ ಒಳ್ಳೆಯ ಪದ ಯಾವುದು? ಆದರೆ ಹೋಬಳಿ ಕೇಂದ್ರಗಳಲ್ಲಿ ಪಹಣಿಗೆ, ಜಾತಿ ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತದ್ದು ‘ನೆಮ್ಮದಿ ಕೇಂದ್ರ’ದ ಮುಂದೆ. ‘ಆಶ್ರಯ’ ಎಂದರೆ ನಮ್ಮ ಕಡೆ ಮನೆ ಇಲ್ಲದವರಿಗೆ ಸರ್ಕಾರ ಕೊಟ್ಟ ಸೈಟು, ಆಶ್ರಯ ಬಡಾವಣೆ. ‘ಸಂಧ್ಯಾ’ ಎಂದ ತಕ್ಷಣ 65 ದಾಟಿದವರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ನೆನಪಾಗುತ್ತದೆ. ‘ಮಡಿಲು’ ಬಾಣಂತಿಯರ ಕಿಟ್. ‘ಸಾಂತ್ವನ’ ನೊಂದ ಮಹಿಳೆಯರ ಕೇಂದ್ರ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಇಂಥ ಹೆಸರಿನ ಬಾಗಿಲಿಗೆ ಬರುವವರು ಅರ್ಜಿ ಹಿಡಿದುಕೊಂಡು ಬರುತ್ತಾರೆ, ಒಳಗಿರುವವರು ಫಲಾನುಭವಿಗಳ ಹಾಗೆ ಕೂರುತ್ತಾರೆ. ‘ಮಡಿಲು’ ವಿಷಯದಲ್ಲಿ ಇನ್ನೊಂದು ಆಕ್ಷೇಪವೂ ಇದೆ. ನಾಲ್ಕು ಎಕರೆ ತೋಟ ನಡೆಸಿ, ಅಡಿಕೆ ಕೊನೆಕೊಯ್ಲಿನ ಲೆಕ್ಕ ಬಾಯಲ್ಲೇ ಇಟ್ಟುಕೊಂಡವರನ್ನು ಹೆಸರಿನಲ್ಲೇ ಕೂಸು ಮಾಡಬಾರದು.

ಕೊನೆಗೆ ಸೇರಿಸುವ ಪದವೂ ಸುಮ್ಮನಿರುವುದಿಲ್ಲ. ‘ನಿಲಯ’ ಎಂದರೆ ವಿದ್ಯಾರ್ಥಿ ನಿಲಯ. ‘ಕೇಂದ್ರ’ ಎಂದರೆ ಆಫೀಸು. ‘ಮಂದಿರ’ ದೇವರಿಗೆ, ಇಲ್ಲವೇ ಸರ್ಕಾರದ ಬಾಲಮಂದಿರಕ್ಕೆ. ‘ಗೃಹ’ದ ಹಿಂದೆ ಕಾರಾಗೃಹ ಇದೆ. ‘ಧಾಮ’ ಶಿವಮೊಗ್ಗದವರಿಗೆ ತ್ಯಾವರೆಕೊಪ್ಪದ ಹುಲಿ ಸಿಂಹಧಾಮವನ್ನು, ಮಂಡಗದ್ದೆಯ ಪಕ್ಷಿಧಾಮವನ್ನು ತರುತ್ತದೆ: ಕಾಪಾಡಿ ಇಟ್ಟ ಜಾಗ, ಜನ ನೋಡಿಕೊಂಡು ಹೋಗುವ ಜಾಗ. ಹಬ್ಬ, ಹುಟ್ಟುಹಬ್ಬಗಳ ದಿನ ಹಣ್ಣು ಬ್ರೆಡ್ಡು ಹಿಡಿದು ಫೋಟೊ ತೆಗೆಸಿಕೊಳ್ಳಲು ಬರುವವರಿಂದ ಬೇಸತ್ತ ಹಿರಿಯರಿಗೆ ಆ ಪದ ಬೇಡ. ‘ನರ್ಸಿಂಗ್ ಹೋಮ್’ ಎಂಬುದು ಬೇರೆ ದೇಶಗಳಲ್ಲಿ ಹಿರಿಯರ ಆರೈಕೆಯ ಜಾಗ. ನಮ್ಮಲ್ಲಿ ಹೆರಿಗೆ, ಆಪರೇಷನ್ನು ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಆ ಪದ ಹಾಕಿದರೆ ರಾತ್ರಿ ಎರಡಕ್ಕೆ ಎದೆನೋವಿನವರನ್ನು ಜೀಪಿನಲ್ಲಿ ಕರೆತಂದಾರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯ ಪ್ರಶ್ನೆಯೂ ಏಳುತ್ತದೆ.

‘ಹಿರಿಯರ ಮನೆ’? ಸರಳ, ಗೌರವದ ಮಾತು. ಆದರೆ ದೀಪಾವಳಿಯ ಹೊತ್ತಿಗೋ ಮಹಾಲಯದಲ್ಲೋ ತೀರಿಕೊಂಡವರಿಗೆ ಎಡೆ ಇಡುವ ‘ಹಿರಿಯರ ಹಬ್ಬ’ ಹಲವು ಮನೆಗಳಲ್ಲಿ ಇದೆ. ಹೀಗಾಗಿ ಅದನ್ನೇ ಮುಖ್ಯ ಹೆಸರಾಗಿಸದೆ ಕೆಳಗಿನ ವಿವರಣೆಯ ಸಾಲಿನಲ್ಲಿ ಬಳಸಿದರೆ ಚೆನ್ನ.

ಕಿವಿಯ ಮಾತಿಗೆ ಬರೋಣ. ಹೆಸರಿಡುವ ಸಭೆಗಳಲ್ಲಿ ಅರ್ಥದ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ, ಕೇಳಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣವಾದ ಸದ್ದುಗಳನ್ನು. ಮಾತಿನಲ್ಲಿ ಆ ಭಾಗದಲ್ಲಿರುವುದು ಸ, ಶ, ಷ, ಫ, ಥ, ತ, ಕಗಳಂಥ ವ್ಯಂಜನಗಳು. ಸ್ವರಗಳು ಮತ್ತು ಮ, ನ, ಲ, ರ, ವ, ಗ, ಬಗಳು ಕೆಳಗಿನ ಮಟ್ಟದಲ್ಲಿದ್ದು ಹೆಚ್ಚು ಕಾಲ ಉಳಿಯುತ್ತವೆ. ಇದರ ಮೇಲೆ ಫೋನು. ಹಳೆಯ ಬಗೆಯ ಫೋನ್ ಕರೆಗಳು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನಷ್ಟೇ ಸಾಗಿಸುತ್ತವೆ. ‘ಸ’ಕಾರದ ಮುಖ್ಯ ಬಲವಿರುವುದು 4000ದ ಮೇಲೆ. ಅಂದರೆ ‘ಸಾಂತ್ವನ ಸಂಧ್ಯಾಶ್ರಯ’ ಎಂದು ಫೋನೆತ್ತಿದರೆ ಆಚೆಯ ಅಜ್ಜಿಗೆ ತಲುಪುವುದು ಒಂದಿಷ್ಟು ಆಕಾರ, ಅಕಾರಗಳು. ಶ್ರ, ಸ್ಥ, ಷ್ಠದಂಥ ಒತ್ತಕ್ಷರಗಳು ಕಟ್ಟುಹಲ್ಲಿನ ಬಾಯಲ್ಲಿ ಜಾರುತ್ತವೆ. ಮಹಾಪ್ರಾಣಗಳು ಆಡುಮಾತಿನಲ್ಲಿ ಹೇಗೂ ಉಳಿಯುವುದಿಲ್ಲ.

ಆದ್ದರಿಂದ ಹೆಸರು ಮೂರು ನಾಲ್ಕು ಅಕ್ಷರದ್ದಾಗಿರಲಿ, ಐದು ದಾಟದಿರಲಿ. ಒತ್ತಕ್ಷರ ಒಂದಕ್ಕಿಂತ ಹೆಚ್ಚು ಬೇಡ. ಪರೀಕ್ಷೆ ಹೀಗೆ: ಅರವತ್ತು ದಾಟಿದ ಹತ್ತು ಮಂದಿಗೆ ಸಾಮಾನ್ಯ ಮೊಬೈಲಿನಿಂದ ಕರೆ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ತಿರುಗಿ ಹೇಳಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಮೂವರು ತಪ್ಪಿದರೆ ಆ ಹೆಸರನ್ನು ಕೈಬಿಡಿ. ಇದನ್ನು ಬೇಸಿಗೆಯ ನಿಶ್ಶಬ್ದ ಮಧ್ಯಾಹ್ನದಲ್ಲಿ ಮಾಡಿದರೆ ಸಾಲದು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗಲೂ ಕೇಳಿಸಬೇಕು. ತುರ್ತಿಗೆ 108ಕ್ಕೆ ಕರೆ ಮಾಡಿ ಜಾಗ ಹೇಳಬೇಕಾಗುವುದು ಅಂಥ ರಾತ್ರಿಗಳಲ್ಲೇ.

ಹಾಗಾದರೆ ಹೆಸರು ಎಲ್ಲಿಂದ ತರುವುದು? ಮಲೆನಾಡಿನಲ್ಲಿ ಇದಕ್ಕೆ ಸಿದ್ಧವಾದ ಪದ್ಧತಿಯೇ ಇದೆ. ಇಲ್ಲಿ ಮನೆಗಳು ದೂರ ದೂರ, ಒಂದೊಂದು ಮನೆಯೂ ಒಂದು ಊರಿದ್ದಂತೆ, ಪ್ರತಿ ಮನೆಗೂ ಹೆಸರು. ಹೊಸಮನೆ, ಕೆಳಮನೆ, ಕೆರೆಮನೆ, ಹಿತ್ತಲಮನೆ. ಗದ್ದೆ, ಮಕ್ಕಿ, ಬೈಲು, ಕೊಡಿಗೆ, ಕೊಪ್ಪ ಸೇರಿದ ಹೆಸರುಗಳು. ಮನುಷ್ಯರನ್ನು ಕರೆಯುವುದೂ ಹಾಗೆಯೇ: ಕೆರೆಮನೆ ಸುಬ್ಬಣ್ಣ, ಹೊಸಗದ್ದೆ ಸೀತಮ್ಮ. ಆ ಹೆಸರುಗಳು ಯಾವ ಗುಣವನ್ನೂ ಸಾರುವುದಿಲ್ಲ, ಯಾರ ಕರುಣೆಯನ್ನೂ ನೆನಪಿಸುವುದಿಲ್ಲ. ನೆಲ ಹೇಗಿದೆ, ನೀರು ಎಲ್ಲಿದೆ ಅಷ್ಟೇ ಹೇಳುತ್ತವೆ. ಎಪ್ಪತ್ತು ವರ್ಷ ಹೀಗೆ ಮನೆ ಹೆಸರಿನಿಂದಲೇ ಗುರುತಾದವರಿಗೆ ಹೊಸ ಜಾಗದಲ್ಲೂ ಒಂದು ಮನೆ ಹೆಸರು ಸಿಕ್ಕರೆ ಬದುಕಿನ ಎಳೆ ತುಂಡಾಗುವುದಿಲ್ಲ. ಕರುಣೆ, ಸೇವೆ, ಆಸರೆ, ದಯೆಗಳನ್ನು ಹೆಸರಿಸುವುದಕ್ಕಿಂತ ನೆಲವನ್ನು ಹೆಸರಿಸುವುದು ಯಾವಾಗಲೂ ಮೇಲು. ಈ ಬರಹದ ತಿರುಳೂ ಅಷ್ಟೇ.

ಮೊದಲು ಜಾಗದ ಹಳೆಯ ಹೆಸರನ್ನು ಹುಡುಕಿ. ಪಹಣಿ, ಗ್ರಾಮ ನಕಾಶೆ, ಪಕ್ಕದ ಗದ್ದೆಯ ಯಜಮಾನರು ಈ ಮೂರು ಕಡೆ ಕೇಳಿದರೆ ಸಾಕು. ಆ ಮೂಲೆಗೆ ‘ನೇರಳೆಮಕ್ಕಿ’ ಎಂದೋ ‘ಬಾಳೆಬೈಲು’ ಎಂದೋ ಹೆಸರು ಇದ್ದೇ ಇರುತ್ತದೆ. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಎಚ್ಚರ ಒಂದೇ: ಹೆಸರಿಗೆ ಹಿಂದಿನ ಕಥೆ ಇರಬಹುದು. ಸುಡುಗಾಡಿನ ಹಕ್ಕಲು, ಭೂತನ ಬನ ಇದ್ದಲ್ಲಿ ಊರಿನವರಿಗೆ ಗೊತ್ತಿರುತ್ತದೆ, ನಕಾಶೆಯಲ್ಲಿ ಇರುವುದಿಲ್ಲ.

ಮನೆಯ ಭಾಗಗಳ ಹೆಸರುಗಳೂ ಆಕರ್ಷಕ, ಆದರೆ ಒಂದೊಂದನ್ನೂ ತಿರುಗಿಸಿ ನೋಡಬೇಕು. ‘ಜಗಲಿ’ ಎಂದರೆ ಬಂದವರಿಗೆ ಚಾಪೆ ಹಾಸಿ ಬೆಲ್ಲ ನೀರು ಕೊಡುವ ಜಾಗ, ಕವಳದ (ಎಲೆಯಡಿಕೆಯ) ತಟ್ಟೆ ಇರುವ ಜಾಗ. ಸ್ವಾಗತಕ್ಕೆ ಅದಕ್ಕಿಂತ ಬೇರೆ ಪದವಿಲ್ಲ. ಆದರೂ ಜಗಲಿ ಮನೆಯ ಹೊರಗಿನ ಭಾಗ. ಒಳಗೆ ಬರಬಾರದವರನ್ನು ಅಲ್ಲೇ ಕೂರಿಸಿದ ಕಾಲವನ್ನು ಹಿರಿಯರು ಕಂಡಿದ್ದಾರೆ. ಹಗಲು ಬಂದು ಸಂಜೆ ಹೋಗುವ ಕೂಟಕ್ಕೆ ‘ಜಗಲಿ’ ಒಪ್ಪುತ್ತದೆ, ಕೊನೆಯವರೆಗೆ ಇರುವ ಮನೆಗೆ ಅಷ್ಟಾಗಿ ಒಪ್ಪುವುದಿಲ್ಲ. ‘ಅಂಗಳ’ ಕೇಳಲು ಸ್ಪಷ್ಟ, ವಿಭಕ್ತಿಗೆ ಹಗುರ: ಅಂಗಳಕ್ಕೆ, ಅಂಗಳದಲ್ಲಿ. ಅಡಿಕೆ ಒಣಗುವ, ತುಳಸಿಕಟ್ಟೆ ಇರುವ ಅಂಗಳ ಎಲ್ಲರದ್ದೂ. ಜೀವ ಹೋದ ಮೇಲೆ ದೇಹವನ್ನು ತಂದಿಡುವುದೂ ಅಲ್ಲಿಗೇ ಎಂಬುದನ್ನು ಕೆಲವರು ನೆನೆಯಬಹುದು, ಕೇಳಿಯೇ ತೀರ್ಮಾನಿಸಬೇಕು. ‘ಚಾವಡಿ’ ಊರಿನ ನ್ಯಾಯ ನಡೆಯುವ ಗತ್ತಿನ ಜಾಗ, ಗಂಡಸರ ಪದ. ‘ತೊಟ್ಟಿಮನೆ’ ಸುಂದರ, ಕಟ್ಟಡದ ನಡುವೆ ನಿಜವಾಗಿ ತೊಟ್ಟಿ ಇದ್ದರೆ ಮಾತ್ರ. ‘ಗೂಡು’ ಬೇಡ. ಗೂಡು ಮೊಟ್ಟೆ ಮರಿಗಳಿಗೆ. ಮಳೆಗಾಲದಲ್ಲಿ ಮಂಡಗದ್ದೆಯಲ್ಲಿ ಗೂಡು ಕಟ್ಟುವ ಹಕ್ಕಿಗಳು ಮರಿಗೆ ರೆಕ್ಕೆ ಬಲಿತ ಮೇಲೆ ಅಲ್ಲಿರುವುದಿಲ್ಲ, ಖಾಲಿ ಗೂಡು ಉಳಿಯುತ್ತದೆ. ಮಕ್ಕಳು ಹಾರಿಹೋದ ಮನೆಯಿಂದ ಬಂದವರಿಗೆ ಆ ಪದ ಚುಚ್ಚುತ್ತದೆ. ‘ತವರು’ ಹೆಂಗಸರಷ್ಟೇ ಇರುವ ಮನೆಗೆ ಬಹಳ ಒಳ್ಳೆಯ ಹೆಸರು, ಗಂಡಸರಿಗೆ ಅದರಲ್ಲಿ ಏನೂ ಇಲ್ಲ.

ನದಿಗಳ ಹೆಸರನ್ನು ಇಡೀ ಮನೆಗಿಂತ ಒಳಗಿನ ಸಾಲುಗಳಿಗೆ ಇಡುವುದು ವಾಸಿ. ‘ಬ್ಲಾಕ್ ಎ, ರೂಮ್ 4’ ಎನ್ನುವುದಕ್ಕಿಂತ ‘ವರದಾ’, ‘ಕುಮುದ್ವತಿ’, ‘ಮಾಲತಿ’ ಎನ್ನುವುದು ಮರೆವು ಹತ್ತಿದವರಿಗೂ ಹಿಡಿತಕ್ಕೆ ಸಿಗುತ್ತದೆ. ತುಂಗಾ, ಭದ್ರಾ ಎರಡನ್ನೂ ಅಕ್ಕಪಕ್ಕದಲ್ಲಿಡಬೇಡಿ. ಯಾವಾಗಲೂ ಜೋಡಿಯಾಗಿ ಬರುವ ಹೆಸರುಗಳು ತಲೆಯಲ್ಲಿ ಬೇಗ ಅದಲುಬದಲಾಗುತ್ತವೆ. ‘ಶರಾವತಿ’ ವಿಷಯದಲ್ಲಿ ಸಾಗರ, ಹೊಸನಗರ ಕಡೆಯವರನ್ನು ಕೇಳದೆ ಮುಂದುವರಿಯಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ ಗದ್ದೆ ಮುಳುಗಿ ಎದ್ದುಬಂದ ಕುಟುಂಬಗಳ ಮಕ್ಕಳು ಈಗ ಇಂಥ ಮನೆಗಳಿಗೆ ಬರುವ ವಯಸ್ಸಿನವರು. ಕೆಲವರಿಗೆ ಆ ಹೆಸರು ಊರು, ಕೆಲವರಿಗೆ ಊರು ಕಳೆದದ್ದು. ಹೆಚ್ಚಿನವರಿಗೆ ಎರಡೂ ಹೌದು.

ಮರಗಳ ಹೆಸರುಗಳಲ್ಲಿ ನಮ್ಮ ಒಲವು ‘ಸುರಗಿ’ಯ ಕಡೆಗೆ. ಬೇಸಿಗೆ ಶುರುವಾಗುವಾಗ ಕೊಂಬೆಗಳ ಮೈಮೇಲೆಲ್ಲ ಮುತ್ತಿನಂಥ ಮೊಗ್ಗು ಬಿಡುವ ಮರ. ಕಿತ್ತು ಪೋಣಿಸಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಪರಿಮಳ ಹೋಗುವುದಿಲ್ಲ. ಸೀರೆಯ ಪೆಟ್ಟಿಗೆಯಲ್ಲಿ ಸುರಗಿಮಾಲೆ ಇಡುತ್ತಿದ್ದ ಅಜ್ಜಿಯರಿಗೆ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ. ಒಣಗಿದ ಮೇಲೂ ಉಳಿಯುವ ಗಂಧದ ಮಾತನ್ನು ಆ ಹೂವು ತಾನೇ ಹೇಳುತ್ತದೆ. ರಂಜದ ಹೂವೂ ಹಾಗೆಯೇ, ಆದರೆ ‘ರಂಜ’ ಒಂಟಿಯಾಗಿ ಹೆಸರಾಗಿ ನಿಲ್ಲುವುದಿಲ್ಲ, ‘ಬಕುಳ’ ಎಂದರೆ ಪುಸ್ತಕದ ಪದವಾಗುತ್ತದೆ. ಸುರಗಿಗೆ, ಸುರಗಿಯಿಂದ, ಸುರಗಿಮನೆಯಲ್ಲಿ: ಎಲ್ಲವೂ ಸಲೀಸು. ಲೋಪ ಎರಡಿವೆ. ಮೊದಲ ಅಕ್ಷರ ‘ಸ’, ಫೋನಿನಲ್ಲಿ ಮಂದ. ‘ಸುರಗಿಮನೆ’ ಎಂದು ಪೂರ್ತಿ ಹೇಳಿದರೆ ಹಿಂದಿನ ಮ, ನಗಳು ಅದನ್ನು ಹೊತ್ತೊಯ್ಯುತ್ತವೆ. ಇನ್ನೊಂದು, ಹಳಗನ್ನಡದಲ್ಲಿ ಸುರಿಗೆ, ಸುರಗಿ ಎಂದರೆ ಕಿರುಗತ್ತಿ. ಪಂಡಿತರೊಬ್ಬರು ಎತ್ತಿಯಾರು. ಮಲೆನಾಡಿನ ಕಿವಿಗೆ ಕೇಳಿಸುವುದು ಹೂವು ಮಾತ್ರ ಎಂಬ ಧೈರ್ಯದಿಂದ ಉಳಿಸಿಕೊಳ್ಳಬಹುದು. ಈ ಹೆಸರಿಟ್ಟರೆ ಗಿಡವನ್ನು ಮೊದಲ ಮಳೆಗೇ ನೆಡಬೇಕು, ಏಕೆಂದರೆ ಬೆಳೆಯುವುದು ನಿಧಾನ. ಮರವಿಲ್ಲದ ಮರದ ಹೆಸರು ವರ್ಷ ಕಳೆದಂತೆ ಟೊಳ್ಳಾಗುತ್ತದೆ.

ಇಂಥ ಹೆಸರುಗಳಿಗೆ ಇಂದಿನ ಮಲೆನಾಡಿನಲ್ಲಿ ಒಂದು ಅಪಾಯ ಉಂಟು: ಹೋಂಸ್ಟೇ. ಹೊಳೆಮನೆ, ತೊಟ್ಟಿಮನೆ, ಸುರಗಿ ಎಂದು ಇಂಟರ್‌ನೆಟ್ಟಿನಲ್ಲಿ ಕಂಡ ಕೂಡಲೇ ಬೆಂಗಳೂರಿನಿಂದ ಶನಿವಾರಕ್ಕೆ ರೂಮು ಕೇಳಿ ಫೋನು ಬರುತ್ತದೆ, ಆಗುಂಬೆಗೆ ಹೊರಟ ಬೈಕುಗಳು ಗೇಟಿಗೆ ಬರುತ್ತವೆ. ಪರಿಹಾರ ಎರಡನೆಯ ಸಾಲು. ‘ಸುರಗಿಮನೆ’ ಎಂಬುದರ ಕೆಳಗೆ, ಅದರ ಮೂರನೇ ಒಂದು ಭಾಗದ ಎತ್ತರದಲ್ಲಿ, ‘ಹಿರಿಯರ ವಾಸ ಮತ್ತು ಆರೈಕೆ’. ಗೂಗಲ್ ಮ್ಯಾಪಿನಲ್ಲಿ ಜಾಗವನ್ನು ಸೇರಿಸುವಾಗ ವಿಭಾಗವನ್ನು ವಸತಿಗೃಹ ಎಂದು ಆರಿಸದೆ ಹಿರಿಯರ ಆರೈಕೆ ಎಂದೇ ಆರಿಸಬೇಕು. ಈ ಎರಡನೆಯ ಸಾಲು ಸುಳ್ಳಾಡಬಾರದು. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವುದಿಲ್ಲವಾದರೆ ‘ಆರೈಕೆ’ ಎಂಬ ಪದ ಬಿಟ್ಟು ‘ಹಿರಿಯರ ವಾಸ’ ಎಂದಷ್ಟೇ ಬರೆಯಿರಿ. ಮುಖ್ಯ ಹೆಸರಿನಲ್ಲಿ ‘ಮನೆ’ ಎಂದಿದ್ದರೆ ಅದಕ್ಕೂ ಕರಾರು ಇದೆ. ಮನೆಗೆ ಭೇಟಿಯ ಸಮಯ ಬೆಳಗ್ಗೆ ಹತ್ತರಿಂದ ಹನ್ನೆರಡು ಎಂದು ಇರುವುದಿಲ್ಲ. ಮೊಮ್ಮಗ ಬಂದರೆ ಒಂದು ರಾತ್ರಿ ಮಲಗಲು ಚಾಪೆ, ಅಜ್ಜಿಗೆ ತಾನೇ ಒಂದು ಲೋಟ ಕಷಾಯ ಮಾಡಿಕೊಳ್ಳಲು ಒಲೆ, ಇಷ್ಟಾದರೂ ಇರಬೇಕು. ಇಲ್ಲದಿದ್ದರೆ ಬೇರೆ ಪದ ಹುಡುಕಿ.

ಹೆಸರು ಅಡುಗೆಮನೆಯನ್ನೂ ಹೇಳುತ್ತದೆ. ದೇವರ ಹೆಸರು, ಮಠದ ಹೆಸರು ಕಂಡರೆ ಕೇಳದೆಯೇ ‘ಸಸ್ಯಾಹಾರ, ಇಂಥವರಿಗೆ ಮಾತ್ರ’ ಎಂದು ಜನ ಓದಿಕೊಳ್ಳುತ್ತಾರೆ. ಮೀನು ಬಿಟ್ಟು ಊಟ ಸೇರದ ದೀವರ ಅಜ್ಜ, ಬ್ಯಾರಿ ಅಜ್ಜಿ, ಕ್ರೈಸ್ತ ದಂಪತಿ ಬಾಗಿಲು ತಟ್ಟುವ ಮೊದಲೇ ತಿರುಗುತ್ತಾರೆ. ಒಂದೇ ಸಮುದಾಯಕ್ಕಾಗಿ ನಡೆಸುವುದಾದರೆ ಅಂಥ ಹೆಸರು ಪ್ರಾಮಾಣಿಕ. ಎಲ್ಲರಿಗೂ ಎಂದಾದರೆ ಬಾಗಿಲಿನ ಮೇಲೆ ದೇವರ ಹೆಸರು ಬೇಡ; ಒಳಗೆ ಪೂಜೆಗೆ, ನಮಾಜಿಗೆ, ಪ್ರಾರ್ಥನೆಗೆ ಜಾಗ ಇರಲಿ.

ದಾನಿಗಳ ವಿಷಯ ಹೆಚ್ಚು ಸೂಕ್ಷ್ಮ. ‘ದಿವಂಗತ ಇಂಥವರ ಸ್ಮಾರಕ ವೃದ್ಧಾಶ್ರಮ’ ಎಂಬ ಬೋರ್ಡು ಬಾಗಿಲಲ್ಲೇ ‘ದಿವಂಗತ’ ಎನ್ನುತ್ತದೆ. ಹಣ ತೆಗೆದುಕೊಂಡ ಮೇಲೆ ಈ ಮಾತೆತ್ತಿದರೆ ಮನಸ್ತಾಪ ಖಂಡಿತ, ಹಾಗಾಗಿ ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು: ದಾನಿಗಳ ಹೆಸರು ಊಟದ ಹಾಲಿನ ಗೋಡೆಯ ಕಲ್ಲಿನಲ್ಲಿ, ಇಲ್ಲವೇ ಟ್ರಸ್ಟಿನ ಹೆಸರಿನಲ್ಲಿ. ಬಾಗಿಲಿನ ಹೆಸರು ಅಲ್ಲಿರುವವರದ್ದು.

ಟ್ರಸ್ಟಿನ ಹೆಸರು ಬೇರೆ, ಮನೆಯ ಹೆಸರು ಬೇರೆ ಇರಲಿ ಎನ್ನಲು ಇನ್ನೂ ಗಟ್ಟಿ ಕಾರಣ ಇದೆ. ಪ್ಯಾನ್, ಬ್ಯಾಂಕ್ ಖಾತೆ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ, ಚೆಕ್ಕು, ರಸೀದಿ ಎಲ್ಲವೂ ನೋಂದಣಿ ಹೆಸರಿನಲ್ಲಿ. ಅಲ್ಲಿ ‘ಹಿರಿಯ ನಾಗರಿಕರ ಸೇವಾ ಟ್ರಸ್ಟ್’ ಎಂದಿದ್ದರೂ ಯಾರಿಗೂ ನೋವಿಲ್ಲ. ಇಲಾಖೆಯ ಕಾಗದಗಳಲ್ಲಿ ‘ವೃದ್ಧಾಶ್ರಮ’ ಎಂಬ ಪದ ಬಂದೇ ಬರುತ್ತದೆ. ಆದರೆ ಅಲ್ಲಿರುವವರು ಆಧಾರ್ ವಿಳಾಸ ಬದಲಿಸಿಕೊಂಡಾಗ, ಪಾಸ್‌ಬುಕ್ಕು, ಮತದಾರರ ಚೀಟಿ ಮಾಡಿಸಿಕೊಂಡಾಗ ಅಚ್ಚಾಗುವುದು ಮನೆಯ ಹೆಸರು. ‘ಸುರಗಿಮನೆ, ಇಂಥ ಅಂಚೆ, 577432’ ಎಂದಿದ್ದರೆ ಬ್ಯಾಂಕಿನ ಕೌಂಟರಿನಲ್ಲಿ ಯಾರೂ ತಲೆಯೆತ್ತಿ ಮರುಕದಿಂದ ನೋಡುವುದಿಲ್ಲ.

ನೋಂದಣಿಯ ಕೆಲಸ ಸಂಕ್ಷೇಪದಲ್ಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘವಾದರೆ ಕನಿಷ್ಠ ಏಳು ಸದಸ್ಯರು ಬೇಕು, ಇರುವ ಸಂಘದ ಹೆಸರನ್ನು ಹೋಲುವ ಹೆಸರು ಸಿಗುವುದಿಲ್ಲ. ಮೂರು ಹೆಸರು ಒಯ್ಯಿರಿ. ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಮಾಡಿಸುವಾಗ ಹಾಗೆ ತಾಳೆ ನೋಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಹೀಗಾಗಿ ಒಂದೇ ಹೆಸರಿನ ಎರಡು ಟ್ರಸ್ಟು ಒಂದೇ ತಾಲ್ಲೂಕಿನಲ್ಲಿ ಹುಟ್ಟಬಹುದು, ನೀವೇ ವಿಚಾರಿಸಬೇಕು. ಸರ್ಕಾರದ ಆಶ್ರಯವಿದೆ ಎಂದು ತೋರುವ ಪದಗಳಿಗೆ, ಮಹಾತ್ಮ ಗಾಂಧಿಯವರಂಥವರ ಹೆಸರಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ತಡೆ ಇದೆ. ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ 43 ಮತ್ತು 44ನೇ ವರ್ಗಗಳಲ್ಲಿ ಹೆಸರನ್ನು ಹುಡುಕುವುದಕ್ಕೆ ಖರ್ಚಿಲ್ಲ. ಹಿರಿಯರ ವಸತಿ 43ರಲ್ಲಿ, ವೈದ್ಯಕೀಯ ಆರೈಕೆ 44ರಲ್ಲಿ ಬರುತ್ತದೆ. ರೋಮನ್ ಲಿಪಿಯ ಕಾಗುಣಿತವನ್ನು ಒಮ್ಮೆಗೇ ನಿಶ್ಚಯಿಸಿ ಎಲ್ಲ ಕಡೆ ಅದನ್ನೇ ಬರೆಯಿರಿ. ಆ ಲಿಪಿಯಲ್ಲಿ ಲ, ಳ ಒಂದೇ. ಹ್ರಸ್ವ ದೀರ್ಘ ಒಂದೇ. ‘ಮನೆ’ಯನ್ನು ಹೊರನಾಡಿನಲ್ಲಿ ಬೆಳೆದ ಮೊಮ್ಮಕ್ಕಳು ‘ಮೇನ್’ ಎಂದು ಓದುತ್ತಾರೆ.

ಯಾರನ್ನು ಕೇಳಬೇಕು ಎಂಬುದು ಇಷ್ಟೂ ಹೊತ್ತು ಹಿಂದೆ ಉಳಿದಿತ್ತು. ಕಾರ್ಯಕಾರಿ ಸಮಿತಿಯವರು ಮೂವತ್ತು ಹೆಸರು ಬರೆದು ಆರಕ್ಕೆ ಇಳಿಸಲಿ, ಅಡ್ಡಿಯಿಲ್ಲ. ಆರರಿಂದ ಒಂದಕ್ಕೆ ಇಳಿಸುವವರು ಅಲ್ಲಿರುವವರು ಅಥವಾ ಅಲ್ಲಿಗೆ ಬರಬಹುದಾದ ವಯಸ್ಸಿನವರು. ‘ಯಾವ ಹೆಸರು ಚೆನ್ನಾಗಿದೆ?’ ಎಂದು ಕೇಳಿದರೆ “ನಿಮಗೆ ಚಂದ ಕಂಡಿದ್ದು ಇಡಿ” ಎಂಬ ಸಂಕೋಚದ ಉತ್ತರವೇ ಬರುತ್ತದೆ. ಅದರ ಬದಲು, “ಅಮ್ಮಾ, ಬಸ್ಸಲ್ಲಿ ಯಾರಾದ್ರೂ ನಿಮ್ಮನೆ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ತೀರಿ?” ಎಂದು ಕೇಳಿ. ಆರೂ ಹೆಸರುಗಳನ್ನು ಒಂದೊಂದಾಗಿ ಆ ಉತ್ತರದಲ್ಲಿ ಇಡಿಸಿ. ಯಾವುದನ್ನು ಅವರು ಎರಡನೆಯ ಸಲ ಕೇಳದೆ ಹೇಳುತ್ತಾರೋ ಗುರುತಿಸಿಕೊಳ್ಳಿ. ಒಂದು ವಾರ ಬಿಟ್ಟು, ಪಟ್ಟಿ ತೋರಿಸದೆ ಮತ್ತೆ ಕೇಳಿ. ನೆನಪಿನಲ್ಲಿ ಉಳಿದದ್ದು ಗೆದ್ದಿತು. ಒಬ್ಬರಿಗಾದರೂ ಒಂದು ಹೆಸರು ನೋವು ಕೊಡುತ್ತದೆ ಎಂದರೆ ಬಹುಮತ ನೋಡದೆ ಅದನ್ನು ತೆಗೆಯಬೇಕು. ಬೇರೆಯವರು ಹೆಸರನ್ನು ಒಪ್ಪಿ ಮರೆಯುತ್ತಾರೆ, ನೊಂದವರು ದಿನವೂ ಅದರ ಕೆಳಗೆ ನಡೆಯುತ್ತಾರೆ.

ಬೋರ್ಡು. ರಾಜ್ಯದ ಭಾಷಾ ಕಾನೂನಿನ 2024ರ ತಿದ್ದುಪಡಿಯಂತೆ ನಾಮಫಲಕದ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡು ಬರೆಯುವವರ ಲೆಕ್ಕ ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ. ಮಂದಗಣ್ಣಿಗೆ ಅದನ್ನು ಇಮ್ಮಡಿ ಮಾಡಿ. ರಸ್ತೆಯಿಂದ ಗೇಟು ಮೂವತ್ತು ಅಡಿ ಇದ್ದರೆ ಮೂಲ ಅಕ್ಷರ ಆರು ಇಂಚು, ಒತ್ತಕ್ಷರಕ್ಕೆ ಕೆಳಗೆ ಬೇರೆ ಜಾಗ. ಪೊರೆ ಬಂದ ಕಣ್ಣಿಗೆ ಕಡುನೀಲಿ ಮತ್ತು ಕಪ್ಪಿನ ವ್ಯತ್ಯಾಸ ಸುಲಭವಾಗಿ ಸಿಗುವುದಿಲ್ಲ, ಹಸಿರಿನ ಮೇಲೆ ನೀಲಿಯೂ ಎದ್ದು ಕಾಣುವುದಿಲ್ಲ. ತೆಳು ಹಳದಿ ಅಥವಾ ಬಿಳಿಯ ಮೇಲೆ ಕಪ್ಪು, ಇಲ್ಲವೇ ಕಪ್ಪಿನ ಮೇಲೆ ಬಿಳಿ ಸಾಕು. ಫ್ಲೆಕ್ಸ್ ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಕಟ್ಟುತ್ತದೆ, ಕಬ್ಬಿಣದ ಶೀಟು ಮೊಳೆಯ ತೂತಿನಿಂದ ತುಕ್ಕು ಸುರಿಸಿ ಅಕ್ಷರಗಳ ಮೇಲೆ ಕಂದು ಗೆರೆ ಎಳೆಯುತ್ತದೆ. ಕರಿಕಲ್ಲಿನಲ್ಲಿ ಕೆತ್ತಿಸಿ ಬಿಳಿ ಬಣ್ಣ ತುಂಬಿಸಿದರೆ ಬಾಳಿಕೆ. ಬಣ್ಣವನ್ನು ಎರಡು ಮೂರು ವರ್ಷಕ್ಕೊಮ್ಮೆ ತುಂಬಬೇಕು. ಮುಂಗಾರಿನ ಇರುಚಲು ಹೊಡೆಯುವುದು ನೈಋತ್ಯದಿಂದ, ಆದಷ್ಟು ಆ ದಿಕ್ಕಿಗೆ ಮುಖ ಕೊಡಬೇಡಿ. ಕೊಡಲೇಬೇಕಾದರೆ ಮೇಲೆ ಎರಡು ಸಾಲು ಹಂಚಿನ ಮಾಡು ಇಳಿಸಿ. ಗೇಟಿನ ಒಳಬದಿಗೂ ಅದೇ ಹೆಸರಿನ ಸಣ್ಣ ಫಲಕ ಬೇಕು. ವಾಕಿಂಗ್ ಮುಗಿಸಿ ಬರುವವರು ಹೊರಗಿನದನ್ನು ನೋಡುತ್ತಾರೆ, ದಿನವಿಡೀ ಜಗಲಿಯಲ್ಲಿ ಕೂತವರಿಗೆ ಕಾಣುವುದು ಒಳಗಿನದು.

ಈಗಾಗಲೇ ‘ವೃದ್ಧಾಶ್ರಮ’ ಎಂದು ನಡೆಯುತ್ತಿರುವ ಜಾಗದ ಹೆಸರು ಬದಲಿಸುವವರಿಗೆ ಇನ್ನೊಂದಿಷ್ಟು. ನೋಂದಣಿ ಹೆಸರನ್ನು ಮುಟ್ಟಬೇಡಿ, ಪ್ಯಾನಿನಿಂದ ಮೆಸ್ಕಾಂ ಕರೆಂಟು ಬಿಲ್ಲಿನವರೆಗೆ ಎಲ್ಲವನ್ನೂ ತಿದ್ದಿಸುತ್ತ ವರ್ಷ ಹೋಗುತ್ತದೆ. ಕರೆಯುವ ಹೆಸರನ್ನು ಮಾತ್ರ ಬದಲಿಸಿ, ಆಡಳಿತ ಮಂಡಳಿಯ ಠರಾವು ಬರೆದಿಡಿ. ಅಂಚೆ ಕಚೇರಿ, ಪಂಚಾಯಿತಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ, ಆಟೋ ನಿಲ್ದಾಣ ಈ ಐದು ಕಡೆ ಪತ್ರ ಕೊಟ್ಟು ಬಾಯಲ್ಲೂ ಹೇಳಿ ಬನ್ನಿ. ಒಂದು ವರ್ಷ ಬೋರ್ಡಿನ ಕೆಳಗೆ ‘ಹಿಂದಿನ ಹೆಸರು’ ಎಂದು ಸಣ್ಣದಾಗಿ ಇರಲಿ. ಎಲ್ಲಕ್ಕಿಂತ ಮೊದಲು ಒಳಗೆ ಕೆಲಸ ಮಾಡುವವರ ಬಾಯಿ ತಿರುಗಬೇಕು. ಅಡುಗೆಯವರು, ಆಯಾಗಳು, ರಾತ್ರಿ ಕಾವಲಿನವರು ಫೋನೆತ್ತಿ “ಆಶ್ರಮ, ಹೇಳಿ” ಎನ್ನುತ್ತಿದ್ದರೆ ಕಲ್ಲಿನ ಬೋರ್ಡು ಏನೂ ಮಾಡಲಾರದು. “ಸುರಗಿಮನೆ, ನಮಸ್ಕಾರ” ಎಂದು ಬರೆದ ಚೀಟಿಯೊಂದನ್ನು ಫೋನಿನ ಮೇಲಿನ ಗೋಡೆಗೆ ಅಂಟಿಸಿ. ಆಟೋ ನಿಲ್ದಾಣದವರ ಬಾಯಿ ತಿರುಗಲು ಒಂದು ಮಳೆಗಾಲವಾದರೂ ಬೇಕು.